ಕ್ಯಾಪ್ಟನ್ ಬಂದಾನ

ಮಹಾರಾಷ್ಟ್ರದ ಉಮರಗಾ ತಾಲೂಕಿನ ತುರೋರಿಯಿಂದ ಸಮುದ್ರ ಸುಮಾರು 500 ಕಿ.ಮೀ. ದೂರ. ಸೋಲಾಪುರ, ಪುಣೆ, ಖಂಡಾಳಾ ಘಾಟು ಎಲ್ಲ ದಾಟಿದ ಮೇಲೆ ಅದರ ಮುಖ ಕಾಣುತ್ತದೆ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮಗ್ಗುಲಿಗಿರುವ ಈ ಊರಿಗೆ ತನ್ನದೇ ಹೆಸರಿನ ಒಂದು ನೀರಾವರಿ ಕೆರೆ ಇದೆ. ಮಳೆ ಕೈಕೊಟ್ಟ ವರ್ಷ ಅದರ ಒಡಲಲ್ಲೇ ಎಮ್ಮೆಗಳು ಮೇಯುತ್ತವೆ. ನಿಲಂಗಾ, ಉದಗೀರ ಸೇರಿರುವ ಲಾತೂರ ಜಿಲ್ಲೆಯದಂತೂ ಇನ್ನೂ ದೊಡ್ಡ ಕಥೆ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರು ಬಂದದ್ದು ರೈಲಿನಲ್ಲಿ. ಮಿರಜಿನಿಂದ ಹತ್ತು ಟ್ಯಾಂಕರ್ ಡಬ್ಬಿ, ಐದು ಲಕ್ಷ ಲೀಟರ್. ಆ ರೈಲನ್ನು ನೋಡಲು ಜನ ಜಾತ್ರೆಗೆ ಹೋದ ಹಾಗೆ ಹೋಗಿದ್ದರು.

ಇಂಥ ಸೀಮೆಗೂ ಒಬ್ಬ ಹಡಗಿನ ಕ್ಯಾಪ್ಟನ್ ಇದ್ದಾನೆ. ಉಮರಗಾ ತಾಲೂಕಿನಿಂದ ಉದಗೀರದವರೆಗೆ ನಾಲ್ಕು ಊರು ತಿರುಗಿದರೆ ಎಲ್ಲಾದರೂ ಒಬ್ಬ ಸಿಕ್ಕೇ ಸಿಗುತ್ತಾನೆ. ಹೆಸರು ಬೇರೆ ಬೇರೆ ಇರಬಹುದು, ಲಕ್ಷಣ ಒಂದೇ.

ಎಳ್ಳ ಅಮಾವಾಸ್ಯೆಗೆ ಒಂದೆರಡು ದಿನ ಇರುವಾಗ ತುರೋರಿಯ ಕ್ಯಾಪ್ಟನ್ ಮುಂಬೈಯಿಂದ ಬಂದಿಳಿಯುತ್ತಾನೆ. ಕಪ್ಪು ಕನ್ನಡಕ, ಹೆಗಲಿಗೆ ಉದ್ದನೆಯ ನೀಲಿ ಬ್ಯಾಗು, ಮೊಬೈಲಿನ ಡಿಪಿಯಲ್ಲಿ ಭುಜಕ್ಕೆ ನಾಲ್ಕು ಬಂಗಾರದ ಪಟ್ಟಿ ಇರುವ ಬಿಳಿ ಅಂಗಿ. ಆ ಅಂಗಿ ಯಾರದು ಎಂದು ಊರಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೆ ಆತ ಹೇಳುತ್ತಿದ್ದನೇನೋ. ಸುಳ್ಳು ಹೇಳುವ ಸ್ವಭಾವದವನಲ್ಲ, ಕೇಳದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅಷ್ಟೇ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರು ದೂರದಿಂದಲೇ ಕೂಗುತ್ತಾರೆ: “ಕ್ಯಾಪ್ಟನ್ ಬಂದಾನ ನೋಡ್ರೋ! ಯಾವ ದೇಶದಿಂದ ಬಂದ್ಯೋ ತಮ್ಮಾ?”

“ಮಾಂಡವಾದಿಂದ, ಕಾಕಾ.”

“ಭಾಳ ದೂರ ಏನು?”

“ಸಮುದ್ರ ದಾಟಬೇಕಾಗ್ತದ.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮುಂಬೈಯ ಭಾವೂಚಾ ಧಕ್ಕಾದಿಂದ ರಾಯಗಡ ಜಿಲ್ಲೆಯ ಮಾಂಡವಾಕ್ಕೆ ಹಡಗಿನಲ್ಲಿ ಹೋಗಲು ಸಮುದ್ರ ದಾಟಲೇಬೇಕು. ದಾಟಲು ಸುಮಾರು ಒಂದು ಗಂಟೆ ಹಿಡಿಯುತ್ತದೆ ಎಂಬುದನ್ನು ಮಾತ್ರ ಆತ ಸೇರಿಸುವುದಿಲ್ಲ. ಕಾರುಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗುವ ರೋ-ರೋ ಹಡಗು ಆ ದಾರಿಯಲ್ಲಿ ಶುರುವಾದದ್ದು 2020ರ ಮಾರ್ಚ್‌ನಲ್ಲಿ, ಸರಿಯಾಗಿ ಕೊರೋನಾ ಬಾಗಿಲು ಬಡಿಯುವ ಹೊತ್ತಿಗೆ. ನಮ್ಮ ಕ್ಯಾಪ್ಟನ್ ಅಂಥದ್ದೊಂದು ಹಡಗಿನ ಕೆಳಗಿನ ಡೆಕ್ಕಿನಲ್ಲಿ ನಿಂತು, ಸೀಟಿ ಊದುತ್ತ, ಅಂಗೈ ಬೀಸುತ್ತ, “ಆನೆ ದೋ, ಆನೆ ದೋ, ಲೆಫ್ಟ್ ಕಾಟೋ, ಬಸ್!” ಎಂದು ಅಲೀಬಾಗದ ಬಂಗಲೆಗಳಿಗೆ ಹೊರಟವರ ಕಾರುಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸುತ್ತಾನೆ. ಊರಿಗೆ ಬಂದಾಗ ಯಾರದಾದರೂ ಟ್ರ್ಯಾಕ್ಟರ್ ಟ್ರೇಲಿ ಸಮೇತ ಹಿಂದೆ ಬರುತ್ತಿದ್ದರೆ ಆ ಕೈ ತಾನಾಗಿ ಮೇಲೇಳುತ್ತದೆ. ತೊಗರಿ ಕಣದಲ್ಲಿ ಈತ ಟ್ರ್ಯಾಕ್ಟರ್ ಹಚ್ಚಿಸುವ ಠೀವಿ ನೋಡಿದವರಿಗೆ ಈತ ಕ್ಯಾಪ್ಟನ್ ಅಲ್ಲ ಎಂದು ಅನ್ನಿಸುವುದು ಸಾಧ್ಯವೇ ಇಲ್ಲ.

ಹೀಗೆ ಕ್ಯಾಪ್ಟನ್ ಆಗುವ ದಾರಿ ಶುರುವಾಗುವುದು ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಒಂದು ಪೋಸ್ಟರಿನಿಂದ. ‘ಹತ್ತನೇ ಪಾಸ್? ಮರ್ಚೆಂಟ್ ನೇವಿ! ನೂರಕ್ಕೆ ನೂರು ನೌಕರಿ!’ ಕೆಳಗೆ ಫೋನ್ ನಂಬರು. ಫೋನೆತ್ತಿದವನು ‘ಸರ್’ ಎಂದು ಕರೆದರೆ ಅಪ್ಪನ ಎರಡೆಕರೆ ಅಡಮಾನಕ್ಕೆ ಹೊರಟಿತೆಂದೇ ಲೆಕ್ಕ. ಜಿ.ಪಿ. ರೇಟಿಂಗ್ ಎಂಬ ಆರು ತಿಂಗಳ ತರಬೇತಿ ನಿಜಕ್ಕೂ ಇದೆ. ಹತ್ತನೇ ಪಾಸಾದವರು ಸೇರಬಹುದು. ಆದರೆ ಕೇಂದ್ರದ ಹಡಗು ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆಯಲ್ಲಿ ಕಲಿತಿರಬೇಕು, ಆಮೇಲೆ ಸಿ.ಡಿ.ಸಿ. ಎಂಬ ನಾವಿಕನ ಪುಸ್ತಕ ಮಾಡಿಸಬೇಕು, ಪರವಾನಗಿ ಇರುವ ಕಂಪನಿಯ ಮೂಲಕವೇ ಹಡಗು ಹತ್ತಬೇಕು. ಪೋಸ್ಟರಿನ ಕಲಾವಿದನಿಗೆ ಇಷ್ಟೆಲ್ಲ ಬರೆಯಲು ಗೋಡೆ ಸಾಲುವುದಿಲ್ಲ. ಹೀಗಾಗಿ ಕೆಲವರು ಒಂದು ಬಣ್ಣದ ಸರ್ಟಿಫಿಕೇಟು ಹಿಡಿದುಕೊಂಡು ತಿರುಗಿ ಬಂದು ಉಮರಗಾದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಅದೃಷ್ಟ ಇದ್ದವರಿಗೆ ನ್ಹಾವಾದ ಟಿ.ಎಸ್. ರಹಮಾನ್‌ನಂಥ ಹಳೆಯ ಸಂಸ್ಥೆಯಲ್ಲಿ ಜಾಗ ಸಿಗುತ್ತದೆ. ಅಲ್ಲಿ ಕಲಿತ ಮೇಲೂ ಹಡಗು ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ಬ್ಯಾಲಾರ್ಡ್ ಎಸ್ಟೇಟಿನ ಹಡಗು ಕಂಪನಿಗಳ ಮೆಟ್ಟಿಲು ಹತ್ತಿ ಇಳಿದು, ದೂರದ ಬಾಡಿಗೆ ಖೋಲಿಯಲ್ಲಿ ಏಳೆಂಟು ಜನ ಒಂದೇ ಸಾಲಿನಲ್ಲಿ ಮಲಗಿ, ಕೊನೆಗೆ ಸಿಂಗಾಪುರದ ಹಡಗಿಗೆ ಕಾಯುತ್ತಿದ್ದವನು ಮಾಂಡವಾದ ಹಡಗಿಗೆ ಖಲಾಸಿಯಾಗಿ ಸೇರುತ್ತಾನೆ.

ಅವತ್ತೇ ಅಪ್ಪ ಹೋಟೆಲಿನಲ್ಲಿ ಕೂತವರಿಗೆಲ್ಲ ಚಹಾ ಹೇಳುತ್ತಾನೆ. “ಹುಡುಗ ಹಡಗಿನ ಮ್ಯಾಲ ಹತ್ತಿದಾ.” ಹಡಗಿನ ಮೇಲೆ ಹತ್ತಿದವನು ಮತ್ತೇನಾಗಿರುತ್ತಾನೆ? ಪಟ್ಟಾಭಿಷೇಕ ಆ ಚಹಾದ ಕಪ್ಪಿನಲ್ಲೇ ಮುಗಿದುಹೋಗುತ್ತದೆ.

ಇತ್ತ ಧಕ್ಕೆಯ ಮೇಲೆ ನಿಜವಾದ ಕ್ಯಾಪ್ಟನ್‌ಗಳಿರುತ್ತಾರೆ. ಅವರಿಗೆ ತಾವು ಕ್ಯಾಪ್ಟನ್ ಎಂಬ ಭ್ರಮೆ ಅಷ್ಟಾಗಿ ಇಲ್ಲ. ಗೇಟ್‌ವೇಯಿಂದ ಎಲಿಫೆಂಟಾ ಗುಹೆಗಳ ಘಾರಾಪುರಿಗೆ, ಧಕ್ಕೆಯಿಂದ ಮೋರಾಕ್ಕೆ, ರೇವಸ್‌ಗೆ ಹೋಗುವ ಮರದ ಲಾಂಚುಗಳಲ್ಲಿ ಚಕ್ರ ಹಿಡಿದವನಿಗೆ ಸಾರಂಗ ಎಂದೇ ಹೆಸರು. ರಾಯಗಡ, ರತ್ನಾಗಿರಿ ಕರಾವಳಿಯವರೇ ಹೆಚ್ಚು; ಹಲವರ ಅಪ್ಪ ಸಾರಂಗ, ಅಜ್ಜನೂ ಸಾರಂಗ. ಲುಂಗಿ ಇಲ್ಲವೇ ಮಾಸಿದ ಪ್ಯಾಂಟು, ಕಾಲಲ್ಲಿ ರಬ್ಬರ್ ಚಪ್ಪಲಿ, ಮುಂದೆ ದೇವಿಯದೋ ದರ್ಗಾದ್ದೋ ಪಟ, ಅದಕ್ಕೆ ನಿನ್ನೆಯ ಹಾರ. ಹಳೆಯ ಲಾಂಚುಗಳಲ್ಲಿ ಇಂಜಿನ್ನು ಸಾರಂಗನ ಕೈಯಲ್ಲಿರುವುದಿಲ್ಲ, ಕೆಳಗೆ ಡ್ರೈವರನ ಕೈಯಲ್ಲಿರುತ್ತದೆ. ಮೇಲಿನವನು ಹಗ್ಗ ಜಗ್ಗಿದರೆ ಕೆಳಗೆ ಗಂಟೆ ಹೊಡೆದುಕೊಳ್ಳುತ್ತದೆ; ಆ ಲೆಕ್ಕದ ಮೇಲೆ ಡ್ರೈವರ ಮುಂದಕ್ಕೋ ಹಿಂದಕ್ಕೋ ಬಿಡುತ್ತಾನೆ. ಇಬ್ಬರೂ ಇಡೀ ದಿನ ಮುಖ ನೋಡಿಕೊಳ್ಳದೆ ಸಂಸಾರ ನಡೆಸುತ್ತಾರೆ. ಗೇಟ್‌ವೇಯಲ್ಲಿ ಧಕ್ಕೆಗೆ ತಾಗಿ ಒಂದು ಲಾಂಚು, ಅದರ ಮಗ್ಗುಲಿಗೆ ಇನ್ನೊಂದು, ಅದರಾಚೆ ಮತ್ತೊಂದು ನಿಂತಿರುತ್ತವೆ. ಮೂರನೆಯದಕ್ಕೆ ಹೋಗುವ ಅಜ್ಜಿ ಮೊದಲಿನ ಎರಡನ್ನು ದಾಟಬೇಕು. ಅಲೆ ಎದ್ದು ಎರಡು ಅಂಚು ಸರಿಸಮ ಬರುವ ಆ ಒಂದು ಗಳಿಗೆಯಲ್ಲಿ ಖಲಾಸಿ ಅಜ್ಜಿಯ ರಟ್ಟೆ ಹಿಡಿದು ಆಚೆ ಇಟ್ಟುಬಿಡುತ್ತಾನೆ. ಅಜ್ಜಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸೀಟಿನಲ್ಲಿ ಕೂತಿರುತ್ತಾಳೆ.

ಸಾರಂಗನ ವಿದ್ಯೆ ಎಲ್ಲ ನೀರಿನ ಏರಿಳಿತದಲ್ಲಿದೆ. ಮುಂಬೈ ಕಡಲಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ಭರತ ಜೋರು, ಇಳಿತವೂ ಅಷ್ಟೇ ಜೋರು. ಭರತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಮುಂದಕ್ಕೆ ಸರಿಯುತ್ತ ಹೋಗುತ್ತದೆ. ರೇವಸ್ ಕಡೆ ಹೂಳು ತುಂಬಿರುವುದರಿಂದ ಲೆಕ್ಕ ತಪ್ಪಿದರೆ ಲಾಂಚು ಕೆಸರಿನಲ್ಲಿ ಕೂತುಬಿಡುತ್ತದೆ, ಮತ್ತೆ ನೀರು ಏರುವ ತನಕ ಏಳುವುದಿಲ್ಲ. ತುರೋರಿಯ ಹುಡುಗನಿಗೆ ಇದೊಂದು ಮಾತ್ರ ಸಲೀಸಾಗಿ ಬಂತು. ಅಮಾವಾಸ್ಯೆ ಯಾವಾಗ ಎಂದು ಕೇಳಿದರೆ ಕಾಲನಿರ್ಣಯ ಕ್ಯಾಲೆಂಡರ್ ನೋಡದೆ ಹೇಳುವ ಮನೆಯಿಂದ ಬಂದವನು ಆತ.

ಹಡಗಿನ ವಿದ್ಯೆ ಊರಿನಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಒಮ್ಮೆ ಅಪ್ಪನ ಎಮ್ಮೆಯನ್ನು ಕ್ಲೋವ್ ಹಿಚ್ ಎಂಬ ಗಂಟು ಹಾಕಿ ಗೂಟಕ್ಕೆ ಕಟ್ಟಿದ. ಕಂಬಕ್ಕೆ ಹಗ್ಗ ಸುತ್ತುವ ಆ ಗಂಟು ಒಂದೇ ಕಡೆಗೆ ಎಳೆತ ಇದ್ದರೆ ಗಟ್ಟಿ. ಎಮ್ಮೆ ಒಂದೇ ಕಡೆಗೆ ಎಳೆಯುವ ಪ್ರಾಣಿಯಲ್ಲ. ಗೂಟ ಸುತ್ತಿತು, ಆಚೆ ಜಗ್ಗಿತು, ಈಚೆ ಜಗ್ಗಿತು, ಗಂಟು ಸಡಿಲಾಯಿತು, ಬೆಳಗಾಗುವುದರೊಳಗೆ ಪಕ್ಕದವರ ಹೊಲದಲ್ಲಿತ್ತು. ಅಪ್ಪ ಏನೂ ಮಾತಾಡದೆ ತನ್ನ ಗಂಟು ಹಾಕಿದ. “ಸಮುದ್ರದಾಗ ಎಮ್ಮಿ ಇರಂಗಿಲ್ಲ,” ಎಂದು ಅವ್ವ ಮಗನ ಪರ ವಹಿಸಿದಳು.

ಖಲಾಸಿಯಿಂದ ಕ್ಯಾಪ್ಟನ್‌ವರೆಗಿನ ಏಣಿ ಇರುವುದು ನಿಜ, ಅದರ ಮೆಟ್ಟಿಲು ಬಲು ದೂರ ದೂರ. ಬಂದರಿನೊಳಗಿನ ಲಾಂಚುಗಳಿಗೆ ಬಹುಕಾಲ ನಡೆದದ್ದು 1917ರ ಬ್ರಿಟಿಷ್ ಕಾಯ್ದೆ; ಅದರ ಜಾಗಕ್ಕೆ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂತು. ಹಳೆಯ ಕ್ರಮದಲ್ಲಿ ಡೆಕ್ಕಿನ ಮೇಲೆ ವರ್ಷಗಟ್ಟಲೆ ಹಗ್ಗ ಎಳೆದು, ಪರೀಕ್ಷೆ ಕೊಟ್ಟು ಸಾರಂಗ ಆಗಬೇಕಿತ್ತು; ಮತ್ತೆ ಕೆಲವು ವರ್ಷ, ಮತ್ತೊಂದು ಪರೀಕ್ಷೆ, ಎರಡನೇ ದರ್ಜೆ ಮಾಸ್ಟರ್; ಆಮೇಲೆ ಒಂದನೇ ದರ್ಜೆ. ದೊಡ್ಡ ಸಮುದ್ರದ ಹಡಗಿನದ್ದು ಬೇರೆಯೇ ಏಣಿ, ಇನ್ನೂ ಎತ್ತರ. ಕೇರಳದ ರಾಧಿಕಾ ಮೆನನ್ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾಕ್ಕೆ ರೇಡಿಯೋ ಅಧಿಕಾರಿಯಾಗಿ ಸೇರಿ, ಒಂದೊಂದೇ ಪರೀಕ್ಷೆ ದಾಟಿ ದೇಶದ ವಾಣಿಜ್ಯ ಹಡಗುಗಳ ಮೊದಲ ಮಹಿಳಾ ಕ್ಯಾಪ್ಟನ್ ಆದವರು. 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ಏಳು ಮೀನುಗಾರರನ್ನು ಉಳಿಸಿದ್ದಕ್ಕೆ ಮರುವರ್ಷ ಅವರಿಗೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಬಂತು. ಇದನ್ನು ಯೂಟ್ಯೂಬಿನಲ್ಲಿ ನೋಡಿದ ತಂಗಿ, “ಅಣ್ಣಾ, ನೀ ಎಷ್ಟ್ ಮಂದೀನ್ನ ಎತ್ತೀದಿ?” ಎಂದು ಕೇಳಿದಳು. ಆತ ಅಲ್ಲಿಯವರೆಗೆ ನೀರಿನಿಂದ ಎತ್ತಿದ್ದು ಪುಣೆಯ ಒಬ್ಬ ಪ್ರಯಾಣಿಕನ ಟೋಪಿ. ಕಡಲಕ್ಕಿಗಳಿಗೆ ಚಿಪ್ಸ್ ಎಸೆಯುವ ಭರದಲ್ಲಿ ಆತ ಅದನ್ನೂ ಎಸೆದುಬಿಟ್ಟಿದ್ದ.

ಉಮರಗಾ ಡಿಪೋದ ಎಸ್‌.ಟಿ. ಡ್ರೈವರ್ ಆಗಿರುವ ಸೋದರಮಾವನದು ಬೇರೆಯೇ ಸಂಕಟ. “ನಾನೂ ದಿನಾ ಸೋಲಾಪುರಕ್ಕ ಹೋಗಿ ತಿರುಗಿ ಬರ್ತೀನಿ, ಅಂವಾ ಮಾಂಡವಾಕ್ಕ ಹೋಗಿ ತಿರುಗಿ ಬರ್ತಾನ. ನನ್ನ ಹಾದ್ಯಾಗ ಡಾಂಬರ ಅದ, ಅವನ ಹಾದ್ಯಾಗ ನೀರು. ನನಗ್ಯಾಕ ಯಾರೂ ಕ್ಯಾಪ್ಟನ್ ಅನ್ನಂಗಿಲ್ಲ?” ಮಾವನ ವಾದದಲ್ಲಿ ತೂಕ ಇದೆ. ಫೆರಿಯ ಕ್ಯಾಪ್ಟನ್ ಇಡೀ ಆಯುಷ್ಯ ದಡ ಕಣ್ಣಿಂದ ಮರೆಯಾಗದ ನೀರಿನಲ್ಲೇ ಕಳೆಯುತ್ತಾನೆ. ದುಬೈ, ಸಿಂಗಾಪುರ ಬಿಡಿ, ಸೆಲ್ಫಿ ತೆಗೆಯಲು ನಿಂತವರನ್ನು ಸರಿಸಿ ಅದೇ ಧಕ್ಕೆಗೆ ಅದೇ ಹಗ್ಗ ಕಟ್ಟುವುದೇ ದಿನಾ. ಆದರೂ ಮಾವ ಮರೆಯುವ ಒಂದು ಮಾತಿದೆ: ಡಾಂಬರು ರಸ್ತೆಗೆ ಮಳೆಗಾಲದಲ್ಲಿ ಬೀಗ ಹಾಕುವುದಿಲ್ಲ.

ಜೂನ್ ಬಂತೆಂದರೆ ಸಣ್ಣ ಲಾಂಚುಗಳು ದಡ ಸೇರುತ್ತವೆ. ಧಕ್ಕೆಯ ಹಿರಿಯರು ‘ರಾಮದಾಸ’ನ ಕಥೆ ಹೇಳದೆ ಹೊಸ ಖಲಾಸಿಯನ್ನು ಮಳೆಗಾಲಕ್ಕೆ ಒಪ್ಪಿಸುವುದಿಲ್ಲ. 1947ರ ಜುಲೈ 17, ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ರೇವಸ್‌ಗೆ ಹೊರಟ ಆ ಸ್ಟೀಮರು ದಾರಿಯಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. 2024ರ ಡಿಸೆಂಬರ್ 18ರಂದು ಘಾರಾಪುರಿಗೆ ಹೊರಟಿದ್ದ ಲಾಂಚಿಗೆ ನೌಕಾದಳದ ಸ್ಪೀಡ್ ಬೋಟ್ ಬಂದು ಹೊಡೆದ ಮೇಲಂತೂ ಲೈಫ್ ಜಾಕೆಟ್ ಕಟ್ಟಿಕೊಳ್ಳದವರನ್ನು ಖಲಾಸಿಗಳು ಬಿಡುವುದಿಲ್ಲ. ಈ ಎರಡು ಕಥೆಗಳನ್ನು ನಮ್ಮ ಕ್ಯಾಪ್ಟನ್ ಊರಿನಲ್ಲಿ ಹೇಳುವುದಿಲ್ಲ. ಎಲ್ಲವನ್ನೂ ಮೆರೆಸುವವನು ಇಲ್ಲಿ ಮಾತ್ರ ಚಹಾ ಕುಡಿದು ಎದ್ದುಹೋಗುತ್ತಾನೆ.

ಹೆಣ್ಣು ನೋಡುವ ಕಾರ್ಯಕ್ರಮದಲ್ಲಿ ಏಣಿಯ ಸಮಸ್ಯೆ ತಾರಕಕ್ಕೇರುತ್ತದೆ. ಉದಗೀರದ ಬೀಗರು ಮೊಣಕಾಲ ಮೇಲೆ ಅವಲಕ್ಕಿ ತಾಟು ಇಟ್ಟುಕೊಂಡು ಕೇಳುತ್ತಾರೆ: “ಹುಡುಗ ಎಷ್ಟ್ ತಿಂಗಳು ಹೊರಗ ಇರ್ತಾನ್ರೀ?” ದೊಡ್ಡ ಹಡಗಿನವರು ಆರು, ಒಂಬತ್ತು ತಿಂಗಳು ಮನೆ ಕಾಣುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದಾರೆ. “ದಿನಾ ಸಂಜೀಗೆ ಖೋಲಿಗಿ ಬರ್ತಾನ್ರೀ,” ಎನ್ನುತ್ತಾಳೆ ಅವ್ವ. ಬೀಗರಿಗೆ ಸಂತೋಷ, ಅದರ ಬೆನ್ನಿಗೇ ಅನುಮಾನ. ದಿನಾ ಸಂಜೆ ಮನೆಗೆ ಬರುವ ಹಡಗು ಎಂಥದ್ದು? ಅಪ್ಪ ಗಂಟಲು ಸರಿಮಾಡಿಕೊಂಡು, “ಫಾಸ್ಟ್ ಹಡಗ ಅದ್ರೀ,” ಎಂದು ಮುಗಿಸುತ್ತಾನೆ.

ಕ್ಯಾಪ್ಟನ್‌ನ ನಿಜವಾದ ವೈರಿ ಬಿರುಗಾಳಿಯಲ್ಲ, ಸೇತುವೆ. 2024ರ ಜನವರಿಯಲ್ಲಿ ಶಿವಡಿಯಿಂದ ನ್ಹಾವಾಶೇವಾಕ್ಕೆ 21.8 ಕಿ.ಮೀ. ಉದ್ದದ ಅಟಲ್ ಸೇತು ತೆರೆದಾಗ ಧಕ್ಕೆಯವರೆಲ್ಲ ಗಿರಾಕಿ ಎಣಿಸತೊಡಗಿದ್ದರು. ಕರ್ನಾಟಕದ ಕಡೆಯ ಸುದ್ದಿ ಇನ್ನೂ ಖಾರ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಬಸ್ಸು, ಜೀಪು, ಸಿಗಂದೂರು ಚೌಡೇಶ್ವರಿಯ ಭಕ್ತರು ಎಲ್ಲರನ್ನೂ ಹೊತ್ತು ದಾಟಿಸುತ್ತಿದ್ದ ಲಾಂಚು ದಶಕಗಳ ಕಾಲ ಆ ದ್ವೀಪದಂಥ ಸೀಮೆಯ ಜೀವನಾಡಿ. ಕೊನೆಯ ಲಾಂಚು ತಪ್ಪಿದರೆ ರಾತ್ರಿ ದಡದಲ್ಲೇ ಎಂಬ ಕಾರಣಕ್ಕೆ ಅದರ ಸಿಬ್ಬಂದಿಗೆ ತಹಶೀಲ್ದಾರರಿಗಿಂತ ಹೆಚ್ಚು ನಮಸ್ಕಾರ ಬೀಳುತ್ತಿದ್ದವು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಊರವರು ಪಟಾಕಿ ಹೊಡೆದರು. ಹೊಡೆಯಲೇಬೇಕು, ಅಷ್ಟು ವರ್ಷ ಕಾದವರು. ತುರೋರಿಯ ಕ್ಯಾಪ್ಟನ್ ಮಾತ್ರ ಆ ವಿಡಿಯೋ ಫಾರ್ವರ್ಡ್ ಮಾಡಲಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊಲಕ್ಕೆ ಹೋಗಲಾಗುವುದಿಲ್ಲ, ಒಂದು ಸಣ್ಣ ಸೇತುವೆ ಬೇಕು ಎಂದು ಗ್ರಾಮಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗಲೂ ಆತನ ಕೈ ಅರ್ಧಕ್ಕೇ ನಿಂತಿತ್ತು.

ಹೀಗೆ ವರ್ಷಗಳು ಉರುಳುತ್ತವೆ. ಆತ ಹಗ್ಗ ಎಳೆಯುತ್ತಾನೆ, ಪರೀಕ್ಷೆಗೆ ಓದುತ್ತಾನೆ, ಒಮ್ಮೆ ನಪಾಸಾಗುತ್ತಾನೆ, ಮತ್ತೆ ಕಟ್ಟುತ್ತಾನೆ. ದೀಪಗಳ ಬಣ್ಣ, ಯಾರಿಗೆ ಯಾರು ದಾರಿ ಬಿಡಬೇಕೆಂಬ ನಿಯಮ, ಮಂಜು ಕವಿದಾಗ ಭೋಂಗಾ ಎಷ್ಟು ಸಲ ಊದಬೇಕು, ಎಲ್ಲ ಬಾಯಿಪಾಠ. ಕೊನೆಗೊಂದು ದಿನ ಸರ್ಟಿಫಿಕೇಟು ಕೈಗೆ ಬರುತ್ತದೆ. ಇನ್ನು ಚಕ್ರ ಹಿಡಿಯಬಹುದು, ಹಡಗು ತನ್ನದು, ಡಿಪಿಯ ಅಂಗಿಯೂ ತನ್ನದೇ. ರಾತ್ರೋರಾತ್ರಿ ಬಸ್ಸು ಹಿಡಿದು, ಪೇಢೆಯ ಡಬ್ಬಿ ಹಿಡಿದು ಊರಿಗೆ ಬಂದು, ಚಹಾದಂಗಡಿಯ ಮುಂದೆ ನಿಂತು ಹೇಳುತ್ತಾನೆ:

“ಕಾಕಾ, ನಾ ಕ್ಯಾಪ್ಟನ್ ಆದೆ.”

ಕಾಕಾ ಪೇಢೆ ಬಾಯಿಗೆ ಹಾಕಿಕೊಂಡು, ಒಂದು ಗಳಿಗೆ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳುತ್ತಾನೆ:

“ಮತ್ತ ಇಷ್ಟ್ ದಿನ ಏನ್ ಇದ್ದ್ಯೋ?”