ಥೇಮ್ಸಿನ ಆಚೆ ದಡ

ಮರ್ಯಾದಸ್ಥ ಊರುಗಳಿಗೆಲ್ಲ ಒಂದು ಆಚೆ ದಡ ಬೇಕು. ಊರೊಳಗೆ ಇಟ್ಟುಕೊಳ್ಳಲು ನಾಚಿಕೆ, ಬಿಟ್ಟಿರಲು ಮನಸ್ಸಿಲ್ಲ ಎನ್ನುವಂಥದ್ದನ್ನೆಲ್ಲ ಅಲ್ಲಿಗೆ ದಾಟಿಸಬಹುದು. ಲಂಡನ್ನಿಗೆ ಅಂಥದ್ದು ಥೇಮ್ಸ್ ನದಿಯ ದಕ್ಷಿಣ ದಡ. ನಾಟಕ, ಕರಡಿ ಕಾಳಗ, ಸೂಳೆಗೇರಿ ಎಲ್ಲವೂ ಅಲ್ಲೇ. ಮಧ್ಯಾಹ್ನದ ಊಟ ಮುಗಿದರೆ ಅದೇ ಮರ್ಯಾದಸ್ಥರು ದೋಣಿ ಹತ್ತುತ್ತಿದ್ದರು.

ಕನ್ನಡಿಗರಾದವರು ಈ ದಡದ ನಡಿಗೆಯನ್ನು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಿಂದ ಶುರುಮಾಡುವುದು ಒಳ್ಳೆಯದು. 2015ರಿಂದ ಅಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಊರು ಹೊರಗಿಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಂಡವರಿಗೆ ಈ ದಡವೇ ಸರಿಯಾದ ವಿಳಾಸ. ಕೈಮುಗಿದು, ಫೋಟೊ ತೆಗೆದುಕೊಂಡು ಹೊಳೆಯ ಜೊತೆ ಹೊರಟರೆ, ಹೊಳೆಯೇ ಎದುರಿಗೆ ಬರುವುದೂ ಉಂಟು. ಸಮುದ್ರದ ಉಬ್ಬರಕ್ಕೆ ಥೇಮ್ಸ್ ಇಲ್ಲಿ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ.

ಸೌತ್‌ಬ್ಯಾಂಕ್ ಸೆಂಟರಿನ ಮೇಲೆ ಸಂಗೀತ, ಕಲೆ. ಕೆಳಗೆ ಕಂಬಗಳ ನಡುವೆ ಹುಡುಗರ ಸ್ಕೇಟ್‌ಬೋರ್ಡಿನ ಧಡಬಡ. ಅವರನ್ನು ಎಬ್ಬಿಸುವ ಯೋಜನೆಯೊಂದು ಬಂದು, ಗಲಾಟೆಯಾಗಿ, 2014ರಲ್ಲಿ ಹುಡುಗರೇ ಗೆದ್ದರು. ಆಚೆ ದಡದಿಂದಲೂ ಆಚೆಗೆ ಅಟ್ಟಲು ಜಾಗವೆಲ್ಲಿದೆ?

ಮುಂದೆ ಆಕ್ಸೊ ಗೋಪುರ. ಮಾಂಸದ ಸಾರಿನ ಕಂಪನಿಯವರು ದೀಪದ ಜಾಹೀರಾತಿಗೆ ಅನುಮತಿ ಕೇಳಿದರು, ಸಿಗಲಿಲ್ಲ. ಸರಿ, ಗೋಪುರಕ್ಕೆ ಕಿಟಕಿ ಇಟ್ಟರು: ಒಂದು ದುಂಡು, ಒಂದು ಕತ್ತರಿ, ಮತ್ತೊಂದು ದುಂಡು. ಓದಿದರೆ ಕಂಪನಿಯ ಹೆಸರು! ಗಾಳಿ ಬೆಳಕಿಗೆ ಇಟ್ಟಿದ್ದು ಸ್ವಾಮಿ ಎಂದರೆ ಯಾವ ಅಧಿಕಾರಿ ಏನು ಮಾಡಿಯಾನು?

ಗ್ಲೋಬ್ ರಂಗಮಂದಿರ ಮುಟ್ಟುವಷ್ಟರಲ್ಲಿ ಕಾಲು ಪದ ಹೇಳುತ್ತಿದ್ದವು. 1613ರಲ್ಲಿ, ಶೇಕ್ಸ್‌ಪಿಯರನ ನಾಟಕಕ್ಕೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಮೂಲ ಗ್ಲೋಬ್ ಸುಟ್ಟುಹೋಯಿತು. ಒಬ್ಬನ ಚಡ್ಡಿಗೂ ಬೆಂಕಿ ಹತ್ತಿತಂತೆ, ಬಿಯರ್ ಸುರಿದು ಆರಿಸಿದರಂತೆ. ಕುಡಿತದ ಪರವಾಗಿ ಚರಿತ್ರೆ ನುಡಿಯುವ ಸಾಕ್ಷಿ ಅಪರೂಪ. 1997ರಲ್ಲಿ ತೆರೆದ ಹೊಸ ಗ್ಲೋಬಿಗೂ ಹುಲ್ಲಿನದೇ ಮಾಡು. ಅಗ್ಗದ ಟಿಕೆಟ್ಟಿನವರು ಅಂಗಳದಲ್ಲಿ ನಿಂತೇ ನೋಡಬೇಕು, ನೆಲದ ಮೇಲೂ ಕೂರುವಂತಿಲ್ಲ. ನಮ್ಮ ಬಯಲಾಟದಲ್ಲಾದರೆ ಚಾಪೆ ಹಾಸಿ, ರಕ್ಕಸ ಬರುವ ತನಕ ಒಂದು ನಿದ್ದೆಯನ್ನೂ ಮುಗಿಸಬಹುದು. "ನಿಲ್ಲೋದಕ್ಕೂ ದುಡ್ಡು ಕೊಡಬೇಕೇನ್ರೀ?" ಎಂದಳು ನನ್ನಾಕೆ.

ಉತ್ತರ ಇನ್ನಷ್ಟು ಮುಂದೆ, ಕ್ಲಿಂಕ್ ಸೆರೆಮನೆಯಲ್ಲಿತ್ತು. ಹಿಂದೆ ಈ ಸೀಮೆಯ ಒಡೆಯರು ವಿಂಚೆಸ್ಟರಿನ ಬಿಷಪ್ಪರು. ಸೂಳೆಗೇರಿಯ ಕಟ್ಟಳೆಯೂ ಅವರದೇ, ಸೆರೆಮನೆಯೂ ಅವರದೇ. ಪಾಪ, ಪ್ರಾಯಶ್ಚಿತ್ತ ಎರಡೂ ಒಂದೇ ಧಣಿಯ ಕೈಯಲ್ಲಿ. ಕೈದಿಗಳು ಊಟಕ್ಕೆ, ಹಾಸಿಗೆಗೆ, ಬೇಡಿ ಹಗುರ ಮಾಡಿಸಿಕೊಳ್ಳಲು ಕೂಡ ಕಾವಲಿನವರಿಗೆ ಹಣ ತೆರಬೇಕಿತ್ತು. 1780ರ ದಂಗೆಯಲ್ಲಿ ಸೆರೆಮನೆ ಸುಟ್ಟುಹೋಗಿ, ಈಗ ಆ ಜಾಗದಲ್ಲಿ ಮ್ಯೂಸಿಯಂ ಇದೆ. ದುಡ್ಡು ಕೊಡುವ ಪದ್ಧತಿ ಮಾತ್ರ ತಪ್ಪಿಲ್ಲ. ಆಗ ಅಪರಾಧ ಮಾಡಿದವರಾದರೂ ಕೊಡುತ್ತಿದ್ದರು. ಈಗ ಯಾವ ತಪ್ಪನ್ನೂ ಮಾಡದವರು ಸಂಸಾರಸಮೇತ ಸಾಲಿನಲ್ಲಿ ನಿಂತು, ಮಕ್ಕಳಿಗೆ ಅರ್ಧ ಟಿಕೆಟ್ ಉಂಟೋ ಎಂದು ವಿಚಾರಿಸುತ್ತಾರೆ.