ಕೋಡುಬಳೆ ಲೆಕ್ಕ

ಮೊಮ್ಮಗಳು ಒಂದನೇ ಕ್ಲಾಸು. "ಐದರಲ್ಲಿ ಎರಡು ಹೋದರೆ ಎಷ್ಟು ಪುಟ್ಟಿ?" ಅಂದೆ. "ಎಲ್ಲಿಗೆ ಹೋದ್ವು ತಾತ?" ಅಂದಳು. ಬ್ಯಾಂಕಿನಲ್ಲಿ ಜನ್ಮವೆಲ್ಲ ಲೆಕ್ಕ ಬರೆದ ನನಗೂ ಉತ್ತರ ಹೊಳೆಯಲಿಲ್ಲ.

ನಮ್ಮವಳು ತಟ್ಟೆಯಲ್ಲಿ ಐದು ಕೋಡುಬಳೆ ತಂದಿಟ್ಟಳು. ಪುಟ್ಟಿ ಎರಡು ತಿಂದು, ತಟ್ಟೆ ನೋಡಿ "ಮೂರು" ಎಂದಳು. ನಾನೊಂದು ಎತ್ತಿಕೊಂಡೆ. "ಎರಡೇ ಉಳೀತು" ಎಂದು ಅಳು ಶುರು. ಕಳೆಯುವ ಲೆಕ್ಕದ ಮರ್ಮ ಗೊತ್ತಾದದ್ದು ಆ ಅಳುವಿನಲ್ಲೇ.

ಸಂಜೆ ಅಟ್ಟದಿಂದ ಅಳಗುಳಿಮಣೆ ಇಳಿಯಿತು. 14 ಗುಳಿ, ಗುಳಿಗೆ ಐದೈದು ಹುಣಸೆಬೀಜ. ಮಗ್ಗಿ ಉರು ಹೊಡೆಯದೆಯೇ 70. ಆಮೇಲೆ ಚೌಕಾಬಾರ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, 8. "5, 6, 7 ಯಾಕೆ ಬೀಳಲ್ಲ ತಾತ?" ಇಷ್ಟು ವರ್ಷ ಆಡಿದ್ದೇನೆ, ಈ ಪ್ರಶ್ನೆ ನನ್ನಲ್ಲಿ ಎದ್ದಿರಲೇ ಇಲ್ಲ. "ಕವಡೆ ಇರೋದೇ ನಾಲ್ಕಲ್ವಾ!" ಎಂದು ಕೊನೆಗೆ ಅವಳೇ ಎಣಿಸಿ ಹೇಳಿದಳು.

ನಮ್ಮ ಸರ್ಕಾರಿ ಶಾಲೆಗಳ 'ನಲಿ-ಕಲಿ' ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ್ದು, ಮಕ್ಕಳು ಆಡುತ್ತಲೇ ಕಲಿಯುತ್ತಾರೆ ಎಂಬ ಇಂಥದೇ ನಂಬಿಕೆಯಿಂದ. ಅಲ್ಲಿ ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಹತ್ತರ ಕಟ್ಟು, ಉಳಿದದ್ದು ಬಿಡಿ. ನಮ್ಮ ಕಾಲದ ಮೇಷ್ಟ್ರ ಕೈಯಲ್ಲೂ ಕಡ್ಡಿ ಇರುತ್ತಿತ್ತು. ಅದರ ಉಪಯೋಗವೇ ಬೇರೆ.

ಹುಣಸೆಹಣ್ಣು ಬಿಡಿಸುವಾಗ ಬೀಜ ಎಸೆಯಬೇಡಿ, ಮಕ್ಕಳ ಲೆಕ್ಕಕ್ಕೆ ಬರುತ್ತವೆ. ಆದರೆ ಆಡಿಸುವಾಗ ಪಕ್ಕದಲ್ಲೇ ಕೂತಿರಿ. ಒಂದು ಬೀಜ ಮೂಗಿಗೆ ಹೋಯಿತೋ, ಮುಂದಿನ ಲೆಕ್ಕವೆಲ್ಲ ಡಾಕ್ಟರದ್ದು.