ಪರಮಾಣುಗಳ ಜಂಟಿ ಖಾತೆ: ಒಂದು ಕಂದಾಯಶಾಸ್ತ್ರೀಯ ಜಿಜ್ಞಾಸೆ

ರಸಾಯನಶಾಸ್ತ್ರವೆಂಬ ಪ್ರತ್ಯೇಕ ಶಾಸ್ತ್ರವೊಂದಿದೆ ಎಂಬುದು ಕಾಲೇಜುಗಳಲ್ಲಿ ಬಹುಕಾಲದಿಂದ ಹಬ್ಬಿರುವ ತಪ್ಪು ತಿಳಿವಳಿಕೆ. ಅದು ಕಂದಾಯ ಇಲಾಖೆಯ ಒಂದು ಶಾಖೆ. ಕಡತ ದಾರಿ ತಪ್ಪಿ ಪ್ರಯೋಗಾಲಯ ಸೇರಿಕೊಂಡಿದೆ, ಅಷ್ಟೆ. ಪರಮಾಣುಗಳು ಕೂಡುವುದು, ಬೇರೆಯಾಗುವುದು, ಕೂಡಿದ ಮೇಲೂ ಒಳಗೊಳಗೇ ಎಳೆದಾಡುವುದು ಎಲ್ಲವೂ ಎಲೆಕ್ಟ್ರಾನ್ ಎಂಬ ಆಸ್ತಿಯ ಸಲುವಾಗಿ. ಆಸ್ತಿ ಇದ್ದಲ್ಲಿ ಖಾತೆ, ಖಾತೆ ಇದ್ದಲ್ಲಿ ತಕರಾರು. ಅಣುವಿನಲ್ಲಿ ಇವೆರಡೂ ಉಂಟೆಂದು ಸಾಧಿಸುವುದೇ ಈ ಪ್ರಬಂಧದ ಪ್ರತಿಜ್ಞೆ.

ಮೊದಲಿಗೆ ದಾನಪತ್ರ. ಸೋಡಿಯಂ ತನ್ನ ಹೊರಕವಚದಲ್ಲಿರುವ ಒಂಟಿ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಇದಕ್ಕೆ ಅಯಾನಿಕ ಬಂಧವೆಂದು ಹೆಸರು. ಆದರೆ ಉಪ್ಪಿನ ಹರಳಿನೊಳಗೆ ಹೋಗಿ, ಯಾವ ಸೋಡಿಯಂ ಯಾವ ಕ್ಲೋರಿನ್ನಿಗೆ ಜೋಡಿ ಎಂದು ವಿಚಾರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಇಡೀ ಊರಿಗೆ ಒಂದೇ ಸರ್ವೆ ನಂಬರು. ಪೋಡಿ ಆಗಬೇಕೆಂದರೆ ನೀರಿಗೆ ಹಾಕುವುದೊಂದೇ ದಾರಿ.

ದಾನದಲ್ಲಿ ಜಗಳಕ್ಕೆ ಅವಕಾಶ ಕಡಿಮೆ, ಆದ್ದರಿಂದ ಶಾಸ್ತ್ರಕ್ಕೂ ರುಚಿ ಕಡಿಮೆ. ಜಂಟಿ ಖಾತೆಗೆ ಬರೋಣ. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನನ್ನು ಹಂಚಿಕೊಂಡು ಬಾಳುತ್ತವೆ ಎಂಬ ವಿಚಾರವನ್ನು 1916ರಲ್ಲಿ ಮುಂದಿಟ್ಟವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ಪರಮಾಣುವನ್ನು ಅವರು ಘನಾಕೃತಿಯ ಪೆಟ್ಟಿಗೆಯಾಗಿ ಕಲ್ಪಿಸಿ ಎಂಟು ಮೂಲೆಗಳಿಗೆ ಎಂಟು ಎಲೆಕ್ಟ್ರಾನ್ ಇಟ್ಟಿದ್ದು ಚಕ್ಕುಬಂದಿ ಸ್ಪಷ್ಟವಿರಲಿ ಎಂದೇ ಇರಬೇಕೆಂದು ನಮ್ಮ ಊಹೆ. 1919ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಈ ಬಂಧಕ್ಕೆ ಸಹವೇಲೆನ್ಸಿ ಎಂದು ಹೆಸರಿಟ್ಟು ಊರೂರು ಸುತ್ತಿ ಉಪನ್ಯಾಸ ಮಾಡಿದರು. ಉಳುಮೆ ಒಬ್ಬರದು, ಮ್ಯುಟೇಶನ್ ಇನ್ನೊಬ್ಬರ ಹೆಸರಿಗೆ. ಲ್ಯಾಂಗ್‌ಮ್ಯೂರರಿಗೆ 1932ರಲ್ಲಿ ನೊಬೆಲ್ ಬಂತು, ಅದೂ ಬೇರೆ ಕೆಲಸಕ್ಕೆ. ಹತ್ತಾರು ಸಲ ಹೆಸರು ಸೂಚಿತವಾದರೂ ಲೂಯಿಸರಿಗೆ ಬರಲೇ ಇಲ್ಲ.

1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬಿಬ್ಬರು ಕ್ವಾಂಟಂ ಲೆಕ್ಕ ಹಿಡಿದು ಹೈಡ್ರೋಜನ್ ಅಣುವಿನ ಕಡತ ತೆರೆದರು. ಜಂಟಿಯಲ್ಲಿರುವ ಎರಡು ಎಲೆಕ್ಟ್ರಾನ್‌ಗಳಲ್ಲಿ ಯಾವುದು ಯಾರು ತಂದದ್ದೆಂದು ಗುರುತಿಸುವುದು ತತ್ತ್ವಶಃ ಅಸಾಧ್ಯ. ಆ ಗುರುತಿಲ್ಲದಿರುವಿಕೆಯೇ ಬಂಧದ ಲೆಕ್ಕದಲ್ಲಿ ಮುಖ್ಯ ಬಾಬತ್ತು. ಗುರುತಿನ ಚೀಟಿ ಇಲ್ಲದೆ ನಡೆದ ಇಷ್ಟು ಗಟ್ಟಿಯಾದ ವ್ಯವಹಾರ ಇಲಾಖೆಯ ಇತಿಹಾಸದಲ್ಲಿ ಇನ್ನೊಂದಿಲ್ಲ.

ಇನ್ನು ಪಹಣಿ. ಅದರಲ್ಲಿ ಕಬ್ಜೇದಾರರ ಕಾಲಂ ಬೇರೆ, ಸಾಗುವಳಿದಾರರ ಕಾಲಂ ಬೇರೆ ಎಂಬುದು ರೈತರ ಮಕ್ಕಳಿಗೆಲ್ಲ ಗೊತ್ತು. ಖಾತೆ ಇಬ್ಬರದಾದರೂ ಬೆಳೆ ತೆಗೆಯುವವನು ಒಬ್ಬನೇ ಆಗಿರಬಹುದು. ಧ್ರುವೀಯತೆಯ ಮೂಲ ಇದೇ. ಜಂಟಿ ಎಲೆಕ್ಟ್ರಾನನ್ನು ತನ್ನತ್ತ ಎಳೆಯುವಲ್ಲಿ ಯಾರ ಕೈ ಎಷ್ಟು ಉದ್ದವೆಂದು ಲೈನಸ್ ಪೌಲಿಂಗ್ 1932ರಲ್ಲಿ ಒಂದು ಪಟ್ಟಿ ತಯಾರಿಸಿದರು. ಇಂದಿನ ಅಂಕಿಗಳ ಪ್ರಕಾರ ಫ್ಲೋರಿನ್ 3.98, ಆಮ್ಲಜನಕ 3.44, ಇಂಗಾಲ 2.55, ಹೈಡ್ರೋಜನ್ 2.20, ಸೋಡಿಯಂ 0.93. ವ್ಯತ್ಯಾಸ 1.7 ದಾಟಿದರೆ ಅದು ಜಂಟಿಯಲ್ಲ, ದಾನ ಎಂದು ಪಠ್ಯಪುಸ್ತಕಗಳು ಗೆರೆ ಎಳೆಯುತ್ತವೆ. ಹೈಡ್ರೋಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ 1.78. ಆದರೂ ಅದು ದಾನಪತ್ರ ಬರೆಯದೆ ಅಣುವಾಗಿಯೇ ಉಳಿದಿದೆ. ಗೆರೆಯ ಮೇಲೆ ಮನೆ ಕಟ್ಟಿದವರನ್ನು ಎಬ್ಬಿಸುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಇದು ಅಚ್ಚರಿಯಲ್ಲ.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ. ಬಂಧದಲ್ಲಿ ಎಳೆದಾಟವಿದ್ದರೆ ಅಣುವೂ ಧ್ರುವೀಯವಲ್ಲವೇ? ಅಲ್ಲ. ಇಂಗಾಲದ ಡೈಆಕ್ಸೈಡಿನಲ್ಲಿ ಎರಡು ಆಮ್ಲಜನಕಗಳೂ ಇಂಗಾಲವನ್ನು ದೋಚುತ್ತವೆ, ಆದರೆ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ, ಸರಿಯಾಗಿ 180 ಡಿಗ್ರಿಯಲ್ಲಿ. ಒಳಗೆ ಅನ್ಯಾಯ ಎಷ್ಟಿದ್ದರೂ ಹೊರಗಿನವರಿಗೆ ಕಾಣುವ ಮೊತ್ತ ಸೊನ್ನೆ. ತಕರಾರು ಊರಿಗೆ ತಿಳಿಯಬೇಕಾದರೆ ಜಮೀನಿನ ನಕ್ಷೆ ಸೊಟ್ಟಗಿರಬೇಕು. ನೀರಿನದು ಹಾಗಿದೆ: 104.5 ಡಿಗ್ರಿ. ಎರಡೂ ಎಳೆತಗಳು ಒಂದೇ ಕಡೆ ವಾಲಿ 1.85 ಡಿಬೈ ಆಗುತ್ತವೆ. ಡಿಬೈ ಎಂದರೆ ಅಸಮಾನತೆಯ ಅಳತೆ. 1936ರಲ್ಲಿ ನೊಬೆಲ್ ಪಡೆದ ಪೀಟರ್ ಡಿಬೈ ಅವರ ಹೆಸರಿನದು.

ನೀರು ಸೊಟ್ಟಗೇಕೆ? ಆಮ್ಲಜನಕದ ಬಳಿ ಯಾರ ಜೊತೆಗೂ ಹಂಚದ ಎರಡು ಜೊತೆ ಎಲೆಕ್ಟ್ರಾನ್‌ಗಳಿವೆ. ಇವು ಸ್ವಯಾರ್ಜಿತ. 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ವಿವರಿಸಿದಂತೆ ಸ್ವಯಾರ್ಜಿತವು ಜಂಟಿಗಿಂತ ಹೆಚ್ಚು ಜಾಗ ಹಿಡಿದು ಮಿಕ್ಕವರನ್ನು ಒತ್ತುತ್ತದೆ. ಸ್ವಯಾರ್ಜಿತವಿಲ್ಲದ ಮೀಥೇನಿನಲ್ಲಿ ಕೋನ 109.5, ಒಂದು ಜೊತೆಯಿರುವ ಅಮೋನಿಯಾದಲ್ಲಿ 107ರ ಆಸುಪಾಸು, ಎರಡಿರುವ ನೀರಿನಲ್ಲಿ ಇನ್ನೂ ಇಕ್ಕಟ್ಟು. ಒತ್ತುವರಿ ಇಷ್ಟು ಕ್ರಮಬದ್ಧವಾಗಿ ನಡೆಯುವುದನ್ನು ನಾವು ಬೇರೆಲ್ಲೂ ಕಂಡಿಲ್ಲ.

ಈ ಸ್ವಯಾರ್ಜಿತದ ಕಿತಾಪತಿ ಪೂರ್ತಿ ತಿಳಿಯಬೇಕಾದರೆ ಅಮೋನಿಯಾದ ಮೂರು ಹೈಡ್ರೋಜನ್‌ಗಳನ್ನು ಎಬ್ಬಿಸಿ ಆ ಜಾಗಕ್ಕೆ ಮೂರು ಫ್ಲೋರಿನ್ ಕೂರಿಸಿ ನೋಡಬೇಕು. ಪಟ್ಟಿಯಲ್ಲೇ ಅತಿ ಬಲಿಷ್ಠ ಕೈ ಫ್ಲೋರಿನ್ನಿನದು. ಧ್ರುವೀಯತೆ ಏರಬೇಕಿತ್ತು, ಆದರೆ 1.47 ಡಿಬೈ ಇದ್ದದ್ದು 0.23ಕ್ಕೆ ಕುಸಿಯುತ್ತದೆ. ಅಮೋನಿಯಾದಲ್ಲಿ ಸಾರಜನಕವೇ ಎಳೆಯುವುದರಿಂದ ಬಂಧಗಳ ಸೆಳೆತ ಸ್ವಯಾರ್ಜಿತ ಇರುವ ಕಡೆಗೇ. ಫ್ಲೋರಿನ್ ಬಂದರೆ ಸೆಳೆತ ತಿರುಗುಮುರುಗು. ಒಂದು ಕಡೆ ಮೂವರು ಪೈಲ್ವಾನರು, ಇನ್ನೊಂದು ಕಡೆ ಹಳೆಯ ಸ್ವಯಾರ್ಜಿತ. ಎರಡೂ ಬಣಗಳು ಹೆಚ್ಚುಕಡಿಮೆ ಒಂದಕ್ಕೊಂದು ವಜಾ ಆಗುತ್ತವೆ. ರೌಡಿಗಳನ್ನು ಕರೆಸಿದ ಮಾತ್ರಕ್ಕೆ ವ್ಯಾಜ್ಯ ದೊಡ್ಡದಾಗುವುದಿಲ್ಲ, ಅವರನ್ನು ಯಾವ ಬದಿಗೆ ನಿಲ್ಲಿಸಿದಿರಿ ಎಂಬುದು ಮುಖ್ಯ.

ಈ ಧ್ರುವೀಯತೆಯ ಸ್ಥಳ ಮಹಜರು ಅಡುಗೆಮನೆಯಲ್ಲಿ ನಡೆಯಿತು. ಬೇಳೆಸಾರಿನ ಮೇಲೆ ಒಗ್ಗರಣೆ ಸುರಿದಾಗ ಎಣ್ಣೆ ಹೊಂಬಣ್ಣದ ಬಿಲ್ಲೆಬಿಲ್ಲೆಯಾಗಿ ತೇಲಿತು; ಸೌಟಿನಿಂದ ಒಡೆದರೆ ಎರಡಾಗಿ, ಬಿಟ್ಟರೆ ಮತ್ತೆ ಒಂದಾಯಿತು. ಎಣ್ಣೆಯ ಉದ್ದುದ್ದ ಸರಪಳಿಗಳಲ್ಲಿ ಇಂಗಾಲ–ಹೈಡ್ರೋಜನ್ ವ್ಯತ್ಯಾಸ ಬರೀ 0.35, ಅಂಥ ನಿರ್ವಿವಾದ ಕುಟುಂಬದೊಡನೆ ನೀರಿಗೆ ಮಾತಿಲ್ಲ. ಅರಿಶಿನದ ಬಣ್ಣದ ಕರ್ಕ್ಯುಮಿನ್ ಕೂಡ ನೀರನ್ನು ಒಲ್ಲದೆ ಎಣ್ಣೆಯ ಪಕ್ಷ ಸೇರಿತ್ತು. ಪಂಚರಾಗಿ ಮನೆಯವರೆಲ್ಲ ಸಹಿ ಹಾಕುವ ಮೊದಲೇ ಸಾಕ್ಷ್ಯ ಅನ್ನಕ್ಕೆ ಬಿತ್ತು.

ಕಡೆಯದಾಗಿ ನೋಂದಣಿಯಾಗದ ಒಪ್ಪಂದ. ಒಂದು ನೀರಿನ ಅಣುವಿನ ಬಡಪಾಯಿ ಹೈಡ್ರೋಜನ್ ಪಕ್ಕದ ಅಣುವಿನ ಸ್ವಯಾರ್ಜಿತದ ಕಡೆ ಕೈ ಚಾಚುತ್ತದೆ. ಇದು ಹೈಡ್ರೋಜನ್ ಬಂಧ. ಅಣುತೂಕದಲ್ಲಿ ನೀರಿಗಿಂತ ಭಾರವಾದ ಹೈಡ್ರೋಜನ್ ಸಲ್ಫೈಡು ಮೈನಸ್ 60 ಡಿಗ್ರಿಯಲ್ಲೇ ಕುದಿದು ಹೋದರೆ, ಈ ಬಾಯಿಮಾತಿನ ಬಲದ ಮೇಲೆ ನೀರು 100ರವರೆಗೂ ಕೂತಿರುತ್ತದೆ. ಹೈಡ್ರೋಜನ್ ಬಂಧ ಎಂದರೇನೆಂದು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ 2011ರಲ್ಲಿ ಹೊಸ ವ್ಯಾಖ್ಯೆ ಪ್ರಕಟಿಸಿತು. ಅದನ್ನು ರೂಪಿಸಿದ ಸಮಿತಿಯ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ವ್ಯಾಖ್ಯೆಯಲ್ಲಿ ಪುರಾವೆ, ಲಕ್ಷಣ, ಕೋನ ಎಲ್ಲವೂ ಇವೆ. ಮುದ್ರಾಂಕ ಶುಲ್ಕ ಎಷ್ಟೆಂಬುದೊಂದನ್ನು ಮಾತ್ರ ಬಿಟ್ಟಿದ್ದಾರೆ. ಈ ಬಗ್ಗೆ ಮೇಲ್ಮನವಿ ಸಲ್ಲಿಸಲಾಗುವುದು.